ಬೀಜದ ಹುಂಜ ಹುಡುಕುತ್ತಾ ಏಳು ವರ್ಷ

ನನ್ನ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇದೆ. ಅದರಲ್ಲಿ ಬರಹಕ್ಕಿಂತ ಗರಿಗಳೇ ಜಾಸ್ತಿ. ಪ್ರತಿ ವರ್ಷ ಕೋಳಿಗಳು ಹಳೇ ಗರಿ ಉದುರಿಸಿ ಹೊಸ ಗರಿ ತುಂಬಿಕೊಂಡ ಮೇಲೆ, ಮರಿ ಮಾಡಿಸಲು ಉಳಿಸಿಕೊಂಡ ಒಂದೊಂದು ಕೋಳಿಯ ಬೆನ್ನಿನಿಂದಲೂ ಒಂದು ಗರಿ ಕಿತ್ತು ಹಾಳೆಗೆ ಟೇಪ್ ಹಚ್ಚುತ್ತೇನೆ. ಪಕ್ಕದಲ್ಲಿ ಕಾಲುಂಗುರದ ನಂಬರ್ ಬರೆಯುತ್ತೇನೆ. ಮೊದಲ ಹಾಳೆಯ ಮೊದಲ ಗರಿ ಕಡುಗೆಂಪು. ನೆರಳಲ್ಲಿ ಹಿಡಿದರೆ ಕಪ್ಪೇ ಅನ್ನಿಸಬೇಕು, ಅಷ್ಟು ಗಾಢ. ಆದರೆ ಹತ್ತಿರದಿಂದ ನೋಡಿದರೆ ಗರಿ ಕಿರಿದು, ಅಂಚು ಎಳೆ ಎಳೆಯಾಗಿ ಬಿಟ್ಟುಕೊಂಡಿದೆ, ಹಳೇ ಪೊರಕೆಯ ತುದಿ ಇದ್ದ ಹಾಗೆ.

ಆ ಗರಿಯ ಹುಂಜವನ್ನು ನಾನೇ ಆರಿಸಿದ್ದು. ಅದರಿಂದ ನನ್ನ ಹಿಂಡು ಎರಡು ವರ್ಷ ಹಿಂದಕ್ಕೆ ಹೋಯಿತು.

ನಾನು ಸಾಕುವುದು ರೋಡ್ ಐಲ್ಯಾಂಡ್ ರೆಡ್. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ರೋಡ್ ಐಲ್ಯಾಂಡ್ ಮತ್ತು ಮ್ಯಾಸಚೂಸೆಟ್ಸ್ ಕಡೆಯ ರೈತರು ಏಷ್ಯಾದಿಂದ ಬಂದ ಕೆಂಪು ಮಲಯ ಹುಂಜಗಳನ್ನೂ ಇನ್ನಿತರ ಕೋಳಿಗಳನ್ನೂ ತಮ್ಮ ಹಿತ್ತಲ ಹೇಟೆಗಳ ಜೊತೆ ಬಿಟ್ಟು ಬೆಳೆಸಿಕೊಂಡ ತಳಿ ಇದು. 1904ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಇದನ್ನು ಒಂದು ತಳಿ ಎಂದು ಒಪ್ಪಿಕೊಂಡಿತು. ಆ ರೈತರಿಗೆ ಬೇಕಾಗಿದ್ದದ್ದು ಮೊಟ್ಟೆಯನ್ನೂ ಇಡಬೇಕು, ಮೈಯಲ್ಲೂ ತೂಕ ಇರಬೇಕು, ಹವಾಮಾನ ಹೇಗಿದ್ದರೂ ತಡೆದುಕೊಳ್ಳಬೇಕು ಅನ್ನುವ ಕೋಳಿ. ಪಾಲಿಶ್ ಮಾಡಿದ ಮಹಾಗನಿ ಮರದಂಥ ಕಡುಗೆಂಪಿನ ಹುಚ್ಚು ಹಿಡಿದದ್ದು ಆಮೇಲೆ, ಪ್ರದರ್ಶನಗಳಲ್ಲಿ ಬಹುಮಾನ ಗೆಲ್ಲಬೇಕು ಅಂದವರಿಂದ. ಈಗ ಒಂದೇ ಹೆಸರಿನಲ್ಲಿ ಎರಡು ಥರದ ಕೋಳಿ ಸಿಗುತ್ತವೆ. ಮೊಟ್ಟೆಗೆಂದು ಬೆಳೆಸಿದ, ಬಣ್ಣ ತಿಳಿಯಾದ, ಸಣ್ಣ ಮೈಯ ಸಾಲು ಒಂದು. ಹಳೇ ಕಾಲದ ಕಡುಗೆಂಪು ಬಣ್ಣದ, ದೊಡ್ಡ ಮೈಯ ಸಾಲು ಇನ್ನೊಂದು. ನನಗೆ ಬೇಕಾಗಿದ್ದು ಎರಡನೆಯದು. ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು 12 ಹೇಟೆ, 2 ಹುಂಜ. ಎಲ್ಲವೂ ಎರಡರ ನಡುವಿನವು.

ಇದ್ದ ಎರಡು ಹುಂಜದಲ್ಲಿ ಒಂದು ಕಡುಗೆಂಪು, ಇನ್ನೊಂದು ಇಟ್ಟಿಗೆ ಬಣ್ಣದ್ದು. ನಾನು ಯೋಚನೆಯನ್ನೇ ಮಾಡಲಿಲ್ಲ. ಕಡುಗೆಂಪಿನದನ್ನು ಹೇಟೆಗಳ ಜೊತೆ ಬಿಟ್ಟೆ, ಇಟ್ಟಿಗೆ ಬಣ್ಣದ್ದನ್ನು ಕೊಟ್ಟುಬಿಟ್ಟೆ. ಆ ವರ್ಷ 58 ಮರಿ ಎದ್ದವು.

ಮರಿಗಳಿಗೆ ಆರು ವಾರ ಆಗುವ ಹೊತ್ತಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅರ್ಧಕ್ಕಿಂತ ಜಾಸ್ತಿ ಮರಿಗಳ ಬೆನ್ನು ಇನ್ನೂ ಬೋಳು. ಗರಿ ಬರುವುದೇ ನಿಧಾನ. ತಣ್ಣನೆ ಗಾಳಿ ಬೀಸಿದರೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಮುದುಡುತ್ತಿದ್ದವು. ಐದು ತಿಂಗಳಿಗೆ ಬಣ್ಣ ಬಂತು, ಅದೇನೋ ಚೆನ್ನಾಗಿಯೇ ಬಂತು. ನಾನು ಹಿಗ್ಗಿದ್ದೆ. ಆಗ ದೊಡ್ಡಪ್ಪ ನೋಡಲು ಬಂದರು. ಬದುಕಿಡೀ ಕೋಳಿ ಸಾಕಿದವರು ಅವರು. ಅಂಗಳದಲ್ಲಿ ನಿಂತು ಹಿಂಡನ್ನು ಸ್ವಲ್ಪ ಹೊತ್ತು ನೋಡಿದರು. ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ಒಂದು ಹೇಟೆಯನ್ನು ಹಿಡಿದು ತರಲು ಹೇಳಿ, ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿದರು.

"ಮಗಾ, ಇದರ ಮೈ ಎಲ್ಲಿದೆ?" ಅಂದರು.

"ಅಂದ್ರೆ ದೊಡ್ಡಪ್ಪಾ?"

"ಗರಿ ಇದೆ. ಗರಿ ಒಳಗೆ ಕೋಳಿ ಇಲ್ಲ. ನೀನೇ ಕಣ್ಣು ಮುಚ್ಚಿ ಹಿಡ್ಕೊಂಡು ನೋಡು."

ಹಿಡಿದು ನೋಡಿದೆ. ಭುಜದ ಹತ್ತಿರ ಅಗಲ ಇದ್ದ ಬೆನ್ನು ಬಾಲದ ಕಡೆಗೆ ಬರುತ್ತಾ ಆಪಿನ ಹಾಗೆ ಸಣ್ಣಗಾಗುತ್ತಿತ್ತು. ಎದೆಮೂಳೆ ಚಾಕುವಿನ ಬೆನ್ನಿನಂತೆ ಕೈಗೆ ಒತ್ತುತ್ತಿತ್ತು. ಎರಡು ಕಾಲುಗಳ ನಡುವೆ ಒಂದೂವರೆ ಬೆರಳಿನಷ್ಟೂ ಜಾಗ ಇರಲಿಲ್ಲ. ಕಣ್ಣು ಬಿಟ್ಟರೆ ಚೆಂದದ ಕೋಳಿ. ಕಣ್ಣು ಮುಚ್ಚಿದರೆ ಬರೀ ಮೂಳೆ.

"ಗೋಡೆ ಎದ್ದಿಲ್ಲ, ಆಗ್ಲೇ ಸುಣ್ಣ ಹೊಡೀತಿದ್ದೀಯ," ಅಂದರು ದೊಡ್ಡಪ್ಪ. ಕೊಟ್ಟುಬಿಟ್ಟ ಇಟ್ಟಿಗೆ ಬಣ್ಣದ ಹುಂಜದ ನೆನಪಾಗಿ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ನಾನು ಮಾಡಿಕೊಂಡ ಒಂದು ಕ್ರಮವನ್ನು ಇವತ್ತಿಗೂ ಬಿಟ್ಟಿಲ್ಲ. ಮೈಕಟ್ಟು ನೋಡುವುದು ರಾತ್ರಿ, ಬಣ್ಣ ನೋಡುವುದು ಹಗಲು. ಮೊದಲು ರಾತ್ರಿ, ಆಮೇಲೆ ಹಗಲು. ಕತ್ತಲಾದ ಮೇಲೆ ಕೋಳಿಗಳು ಅಡ್ಡಗೋಲಿನ ಮೇಲೆ ಕೂತು ಸುಮ್ಮನಾಗುತ್ತವೆ, ಹಿಡಿಯುವುದು ಸುಲಭ, ಅವಕ್ಕೂ ಗಾಬರಿ ಕಡಿಮೆ. ಅದಕ್ಕಿಂತ ದೊಡ್ಡ ಲಾಭ ಅಂದರೆ ಮಂದ ಬೆಳಕಲ್ಲಿ ಬಣ್ಣ ಕಾಣುವುದಿಲ್ಲ. ನನ್ನ ಕಣ್ಣಿಗೆ ಬಣ್ಣದ ಆಸೆ ಇದೆ ಅಂತ ನನಗೆ ಗೊತ್ತಾಗಿತ್ತು. ಆ ಕಣ್ಣನ್ನು ಮೊದಲ ಸುತ್ತಿಗೆ ಕರೆದುಕೊಂಡು ಹೋಗಬಾರದು ಅಷ್ಟೇ.

ಹಿಡಿಯುವ ರೀತಿ ಹೀಗೆ. ಅಂಗೈಯನ್ನು ಎದೆಯ ಕೆಳಗೆ ತೂರಿಸಿ, ಅದರ ಎರಡೂ ಕಾಲು ನನ್ನ ಬೆರಳ ಸಂದಿಗೆ ಬರುವಂತೆ ಹಿಡಿಯುತ್ತೇನೆ. ತಲೆ ನನ್ನ ಮೊಣಕೈ ಕಡೆ ಇರುತ್ತದೆ. ಕೋಳಿಯ ಭಾರ ಮುಂಗೈ ಮೇಲೆ ಕೂತರೆ ಅದು ಒದ್ದಾಡುವುದಿಲ್ಲ. ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳನ್ನು ಅಗಲಿಸಿ ಭುಜದ ಮೇಲಿಟ್ಟು, ಅದೇ ಅಗಲದಲ್ಲಿ ಬಾಲದವರೆಗೆ ನಿಧಾನವಾಗಿ ಜಾರಿಸುತ್ತೇನೆ. ಬೆರಳುಗಳು ಹತ್ತಿರ ಬರಬೇಕಾಗಿ ಬಂದರೆ ಬೆನ್ನು ಸಣ್ಣಗಾಗುತ್ತಿದೆ ಅಂತ ಅರ್ಥ. ಈ ತಳಿಯ ಮೈ ಪಕ್ಕದಿಂದ ನೋಡಿದರೆ ಉದ್ದನೆ ಇಟ್ಟಿಗೆಯ ಹಾಗೆ ಇರಬೇಕು. ಬೆನ್ನು ಉದ್ದ, ಮಟ್ಟಸ, ನೆಲಕ್ಕೆ ಸಮ. ಎದೆ ಆಳವಾಗಿ ಮುಂದಕ್ಕೆ ತುಂಬಿರಬೇಕು. ಬಾಲ ತುಂಬಾ ಎತ್ತಿ ನಿಂತರೆ ಇಟ್ಟಿಗೆ ಆಕಾರವೇ ಹೋಗುತ್ತದೆ.

ಬೆನ್ನಾದ ಮೇಲೆ ಎದೆಮೂಳೆ. ಮೊದಲಿಂದ ಕೊನೆವರೆಗೆ ಬೆರಳಾಡಿಸುತ್ತೇನೆ. ಉದ್ದ ಇರಬೇಕು, ನೇರ ಇರಬೇಕು. ಸೊಟ್ಟ ಇದ್ದರೆ ತಕ್ಷಣ ತಳಿಯ ತಪ್ಪು ಅನ್ನಬಾರದು, ಮರಿಗಳು ಎಳೆಯದರಲ್ಲೇ ತೆಳುವಾದ ಅಡ್ಡಗೋಲಿನ ಮೇಲೆ ಕೂತರೂ ಮೂಳೆ ಡೊಂಕಾಗುತ್ತದೆ. ನಾನು ಅಡ್ಡಗೋಲುಗಳನ್ನು ಅಗಲ ಮಾಡಿ, ಚೂಪು ಅಂಚು ಉಜ್ಜಿ ಗುಂಡಗೆ ಮಾಡಿದ ಮೇಲೆ ಸೊಟ್ಟ ಮೂಳೆ ತುಂಬಾ ಕಡಿಮೆಯಾಯಿತು. ಆಮೇಲೂ ಒಂದೇ ತಾಯಿಯ ಮರಿಗಳಲ್ಲಿ ಮತ್ತೆ ಮತ್ತೆ ಕಂಡರೆ ಆಗ ಆ ತಾಯಿಯನ್ನೇ ಬಿಡುತ್ತೇನೆ.

ಹೇಟೆಗಳಲ್ಲಿ ಗುದದ ಎರಡು ಪಕ್ಕದಲ್ಲಿ ಎರಡು ತೆಳು ಮೂಳೆ ಸಿಗುತ್ತವೆ. ಮೊಟ್ಟೆ ಇಡುತ್ತಿರುವ ಹೇಟೆಯಲ್ಲಿ ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತದೆ, ಮೂಳೆ ತುದಿ ತೆಳುವಾಗಿ ಬಳುಕುತ್ತದೆ. ಇಡದಿದ್ದರೆ ಒಂದು ಬೆರಳೂ ಕಷ್ಟ. ಅಲ್ಲಿಂದ ಎದೆಮೂಳೆಯ ತುದಿಗೆ ಮೂರು ನಾಲ್ಕು ಬೆರಳಿನ ಅಂತರ ಇದ್ದರೆ ಹೊಟ್ಟೆಯಲ್ಲಿ ಜಾಗ ಇದೆ ಅಂತ ಲೆಕ್ಕ. ಬಣ್ಣ ಮತ್ತು ಮೈಕಟ್ಟಿನ ಹಿಂದೆ ಬಿದ್ದು ಮೊಟ್ಟೆ ಮರೆತರೆ ನಾಲ್ಕೇ ತಲೆಮಾರಿಗೆ ಮರಿ ಮಾಡಿಸಲು ಮೊಟ್ಟೆಯೇ ಇರುವುದಿಲ್ಲ, ಅಲ್ವಾ?

ತಲೆಯನ್ನು ಬಹಳ ಜನ ನೋಡುವುದಿಲ್ಲ. ನಾನು ಜುಟ್ಟಿನ ಹಿಂದೆ ತಲೆಬುರುಡೆಯ ಅಗಲ ಮುಟ್ಟಿ ನೋಡುತ್ತೇನೆ. ನನ್ನ ಹಿಂಡಿನಲ್ಲಿ ಕಿರಿದಾದ ತಲೆಯ ಮರಿಗೆ ಅಗಲವಾದ ಬೆನ್ನು ಬಂದದ್ದು ಅಪರೂಪ. ಎಂಟು ವಾರಕ್ಕೇ ತಲೆ ಮತ್ತು ಕಾಲುಗಳ ನಡುವಿನ ಜಾಗ ಇವೆರಡು ಮುಂದಿನ ಮೈಯ ಸುಳಿವು ಕೊಡುತ್ತವೆ. ಆ ವಯಸ್ಸಿನಲ್ಲಿ ಬಣ್ಣ ನೋಡುವುದಂತೂ ವ್ಯರ್ಥ. ಮರಿಗರಿ ಇನ್ನೂ ಒಂದೆರಡು ಸಲ ಉದುರಿ ಬದಲಾಗಬೇಕು. ಎರಡನೇ ವರ್ಷ ರೆಕ್ಕೆತುದಿಯಲ್ಲಿ ಬಿಳಿ ಕಂಡಿತು ಅಂತ ನಾಲ್ಕು ಹುಂಜದ ಮರಿಗಳನ್ನು ಬಿಟ್ಟಿದ್ದೆ. ಮೂರನೇ ವರ್ಷ ಅಂಥವೇ ಐದನ್ನು ಉಳಿಸಿ ನೋಡಿದೆ. ಆ ಐದರಲ್ಲಿ ನಾಲ್ಕಕ್ಕೆ ದೊಡ್ಡ ಗರಿ ಬಂದಾಗ ಬಿಳಿ ಮಾಯ.

ಹಾಗಾಗಿ ಈಗ ಆಯ್ಕೆ ನಾಲ್ಕು ಸಲ. ಹುಟ್ಟಿದ ದಿನ ಕೊಕ್ಕು ಸೊಟ್ಟ ಇರುವುದು, ಬೆರಳು ಡೊಂಕು ಇರುವುದು, ಸಹಾಯ ಇಲ್ಲದೆ ಚಿಪ್ಪು ಒಡೆಯಲಾರದ್ದು ಇವನ್ನು ಬೇರೆ ಮಾಡುತ್ತೇನೆ. ಎಂಟನೇ ವಾರ ತಲೆ, ಕಾಲು, ಗರಿ ಬಂದ ವೇಗ. ಹದಿನಾರನೇ ವಾರ ಪೂರ್ತಿ ಮೈಕಟ್ಟು. ಇಪ್ಪತ್ತನಾಲ್ಕು ವಾರ ದಾಟಿದ ಮೇಲೆ ಬಣ್ಣ. ಕಳೆದ ವರ್ಷ 90 ಮೊಟ್ಟೆ ಇಟ್ಟು 71 ಮರಿ ಎದ್ದವು. ಕೊನೆಯ ಸುತ್ತಿಗೆ ಉಳಿದದ್ದು 5 ಹುಂಜ, 14 ಹೇಟೆ. ಅದರಲ್ಲಿ ಬೀಜಕ್ಕೆ ಇಟ್ಟುಕೊಂಡದ್ದು 2 ಹುಂಜ, 9 ಹೇಟೆ. ಹುಂಜದ ವಿಷಯದಲ್ಲಿ ಕಟ್ಟುನಿಟ್ಟಾಗಿರಲೇಬೇಕು. ಹೇಟೆಯ ತಪ್ಪು ಅವಳ ಮರಿಗಳಿಗೆ ಮಾತ್ರ ಹೋಗುತ್ತದೆ. ಹುಂಜದ ತಪ್ಪು ಆ ಗೂಡಿನ ಎಲ್ಲಾ ಮರಿಗಳಿಗೂ ಹೋಗಬಹುದು.

ತೂಕವನ್ನೂ ಹಾಕುತ್ತೇನೆ. ತಳಿಯ ಮಾನದಂಡದಲ್ಲಿ ಬೆಳೆದ ಹುಂಜ ಸುಮಾರು 3.9 ಕೆಜಿ, ಹೇಟೆ ಸುಮಾರು 2.9 ಕೆಜಿ. ವರ್ಷದೊಳಗಿನ ಹುಂಜಕ್ಕೆ 3.4, ಹೇಟೆಗೆ 2.5. ನನ್ನ ಮೊದಲ ಬ್ಯಾಚಿನ ಹುಂಜಗಳು 2.6 ದಾಟಿರಲಿಲ್ಲ.

ಇಲ್ಲಿ ಮೂರನೇ ವರ್ಷದ ಒಂದು ನೋವಿನ ಸಂಗತಿ ಹೇಳಲೇಬೇಕು. ಈ ತಳಿಗೆ ಕಾಲು ಹಳದಿ ಇರಬೇಕು. ಆ ವರ್ಷ ಆಯ್ಕೆಗೆ ಕೂತಾಗ ಮೂರು ಹೇಟೆಗಳ ಕಾಲು ಬಿಳಚಿಕೊಂಡಿದ್ದವು. ಕೊಕ್ಕೂ ಬಿಳಿ. ಬಣ್ಣ ಕೆಟ್ಟಿದೆ ಅಂತ ಮೂರನ್ನೂ ಕೊಟ್ಟುಬಿಟ್ಟೆ. ಆಮೇಲೆ ಮೊಟ್ಟೆಯ ಲೆಕ್ಕ ತೆಗೆದೆ. ಆಗ ತಾನೇ ನಾನು ಬಾಗಿಲು ಬೀಳುವ ಗೂಡು ಇಟ್ಟಿದ್ದೆ, ಒಳಗೆ ಹೋದ ಹೇಟೆಯನ್ನು ನಾವೇ ಬಿಡಿಸಬೇಕು, ಹಾಗಾಗಿ ಯಾವ ಮೊಟ್ಟೆ ಯಾರದು ಅಂತ ಖಚಿತವಾಗಿ ತಿಳಿಯುತ್ತದೆ. ಲೆಕ್ಕ ನೋಡಿದರೆ ನಾನು ಕೊಟ್ಟ ಆ ಮೂರೂ ಹಿಂಡಿನಲ್ಲೇ ಅತಿ ಹೆಚ್ಚು ಮೊಟ್ಟೆ ಇಟ್ಟವು.

ಕಾರಣ ಆಮೇಲೆ ತಿಳಿಯಿತು. ಮೆಕ್ಕೆಜೋಳ, ಹಸಿರು ಸೊಪ್ಪು ಇವುಗಳಿಂದ ಬರುವ ಹಳದಿ ಬಣ್ಣ ಚರ್ಮದಲ್ಲಿ ಶೇಖರವಾಗುತ್ತದೆ. ಹೇಟೆ ಮೊಟ್ಟೆ ಇಡಲು ಶುರು ಮಾಡಿದಾಗ ಆ ಹಳದಿಯೆಲ್ಲಾ ಮೊಟ್ಟೆಯ ಭಂಡಾರಕ್ಕೆ ಹೋಗುತ್ತದೆ. ಮೊದಲು ಗುದದ ಸುತ್ತ ಬಿಳಚುತ್ತದೆ, ಆಮೇಲೆ ಕಣ್ಣಿನ ಸುತ್ತ, ಕೊಕ್ಕು, ಎಲ್ಲಕ್ಕಿಂತ ಕೊನೆಗೆ ಕಾಲು. ಕಾಲು ಬಿಳಚಿದೆ ಅಂದರೆ ಅವಳು ತಿಂಗಳುಗಟ್ಟಲೆ ಬಿಡದೆ ಇಟ್ಟಿದ್ದಾಳೆ ಅಂತ ಅರ್ಥ. ಮೊಟ್ಟೆ ನಿಂತ ಮೇಲೆ ಹಳದಿ ವಾಪಸ್ ಬರುತ್ತದೆ. ಮೂರರಲ್ಲಿ ಒಂದನ್ನು ಕೇಳಿಕೊಂಡು ವಾಪಸ್ ತಂದೆ. ಇನ್ನೆರಡು ಆಗಲೇ ಇರಲಿಲ್ಲ. ವಾಪಸ್ ಬಂದವಳ ನಂಬರ್ 19. ಇವತ್ತು ನನ್ನ ಹಿಂಡಿನ ಅರ್ಧದಷ್ಟು ಕೋಳಿಗಳ ರಕ್ತದಲ್ಲಿ ಅವಳಿದ್ದಾಳೆ.

ಗರಿಯ ಬಣ್ಣಕ್ಕೂ ಇದೇ ಮಾತು. ವರ್ಷವಿಡೀ ಬಿಸಿಲಲ್ಲಿ ಮೇಯ್ದು ಮೊಟ್ಟೆ ಇಟ್ಟ ಹೇಟೆಯ ಗರಿ ಮಾಸುತ್ತದೆ. ಹೊಸ ಗರಿ ಬಂದ ಮೇಲೆ ಮೊದಲ ಕೆಲವು ವಾರ ಕಂಡದ್ದೇ ಅವಳ ನಿಜವಾದ ಬಣ್ಣ. ಅದಕ್ಕೇ ನಾನು ನೋಟ್‌ಬುಕ್ಕಿನ ಗರಿಯನ್ನು ಆ ಹೊತ್ತಿಗೇ ಕೀಳುವುದು.

ಬಣ್ಣ ನೋಡಲು ಬೆಳಿಗ್ಗೆ ನೆರಳಿನ ಜಾಗ ಬೇಕು. ನೇರ ಬಿಸಿಲಲ್ಲಿ ಎಲ್ಲಾ ಕೆಂಪೂ ಬೆಂಕಿಯ ಹಾಗೆ ಹೊಳೆಯುತ್ತದೆ, ಬಲ್ಬಿನ ಬೆಳಕಲ್ಲಿ ಎಲ್ಲಾ ಕೆಂಪೂ ಒಂದೇ. ನನಗೆ ಮೊದಲು ಬೇಕಾದದ್ದು ಗಾಢತೆ ಅಲ್ಲ, ಒಂದೇ ಸಮ ಇರುವುದು. ಕತ್ತು, ಬೆನ್ನು, ರೆಕ್ಕೆಯ ಮೇಲ್ಭಾಗ, ಎದೆ, ಬಾಲದ ಬುಡದ ಇಳಿಗರಿ, ಈ ಐದೂ ಕಡೆ ಒಂದೇ ಕೆಂಪು ಇರಬೇಕು. ಹುಂಜಗಳಲ್ಲಿ ಇದು ಸುಲಭವಾಗಿ ಸಿಗುವುದಿಲ್ಲ. ಕತ್ತಿನ ಗರಿ ಕಿತ್ತಳೆಗೆ ತಿರುಗಿ, ಎದೆ ಕಡುಗೆಂಪಾಗಿ, ಎರಡು ಬೇರೆ ಕೋಳಿಗಳನ್ನು ಹೊಲಿದ ಹಾಗೆ ಕಾಣುತ್ತದೆ. ಕತ್ತು ತಿಳಿಯಾದ ಹುಂಜವನ್ನು ನಾನು ಬೀಜಕ್ಕೆ ಬಿಡುವುದಿಲ್ಲ.

ಆಮೇಲೆ ಬುಡದ ಬಣ್ಣ. ಬೆನ್ನಿನ ಗರಿಗಳ ಎದುರಿಗೆ ಬಾಯಿಂದ ಊದಿದರೆ ಅವು ಹೂವಿನ ಹಾಗೆ ಬಿಚ್ಚಿಕೊಂಡು ಬುಡದ ನಯವಾದ ತುಪ್ಪಳ ಕಾಣುತ್ತದೆ. ಅದೂ ಕೆಂಪೇ ಇರಬೇಕು. ಬೂದು, ಸ್ಲೇಟಿನ ಬಣ್ಣ ಕಂಡರೆ ಅದಕ್ಕೆ ನಾನು ಮಸಿ ಅನ್ನುತ್ತೇನೆ. ನನ್ನ ಮೊದಲ ಹುಂಜದ ಆ ಅದ್ಭುತ ಕಡುಗೆಂಪಿನ ಒಳಗೆಲ್ಲಾ ಮಸಿ ಇತ್ತು. ಮೇಲಿನ ಕೆಂಪಿಗೆ ಆ ಕತ್ತಲು ಬಂದದ್ದೇ ಅದರಿಂದ. ಹಾಗಂತ ಮಸಿ ಇರುವ ಎಲ್ಲವನ್ನೂ ಒಂದೇ ವರ್ಷ ತೆಗೆದು ಬಿಸಾಕಬಾರದು ಅಂತ ನಾಲ್ಕನೇ ವರ್ಷ ಕಲಿತೆ. ಈ ತಳಿಗೆ ಕಪ್ಪೂ ಬೇಕು. ಬಾಲ ಕಪ್ಪು, ಹಸಿರು ಮಿಂಚಿನ ಕಪ್ಪು. ರೆಕ್ಕೆ ಬಿಚ್ಚಿದಾಗ ಉದ್ದ ಗರಿಗಳಲ್ಲಿ ಒಂದು ಬದಿ ಕಪ್ಪು, ಒಂದು ಬದಿ ಕೆಂಪು, ಗೆರೆ ಎಳೆದ ಹಾಗೆ. ಹೇಟೆಗೆ ಕತ್ತಿನ ಕೆಳಭಾಗದ ಗರಿಗಳ ತುದಿಯಲ್ಲಿ ಸಣ್ಣ ಕಪ್ಪು ಚುಕ್ಕೆ ಇರಬೇಕು. ಹುಂಜದ ಕತ್ತಿನಲ್ಲಿ ಮಾತ್ರ ಕಪ್ಪು ಇರಕೂಡದು. ನಾನು ಮಸಿಯನ್ನು ಪೂರ್ತಿ ಗುಡಿಸಿದ ವರ್ಷ ಮರಿಗಳ ಬಾಲ ಕಂದಾಯಿತು, ರೆಕ್ಕೆಯ ಗೆರೆ ಮಸುಕಾಯಿತು. ಕಪ್ಪನ್ನು ಪೂರ್ತಿ ಓಡಿಸಿದರೆ ಬೇಕಾದ ಕಡೆಯಿಂದಲೂ ಹೋಗುತ್ತದೆ. ಈಗ ಹುಂಜದ ಬುಡ ಶುದ್ಧ ಕೆಂಪು ಇರಬೇಕು ಅಂತ ಹಟ ಹಿಡಿಯುತ್ತೇನೆ, ರೆಕ್ಕೆ ಬಾಲ ತುಂಬಾ ಚೆನ್ನಾಗಿರುವ ಹೇಟೆಯಲ್ಲಿ ಸ್ವಲ್ಪ ಮಸಿ ಇದ್ದರೆ ಒಪ್ಪಿಕೊಳ್ಳುತ್ತೇನೆ.

ಗರಿಯ ಗುಣವನ್ನೂ ನೋಡಬೇಕು. ಗರಿ ಅಗಲ ಇರಬೇಕು, ತುದಿ ಗುಂಡಗಿರಬೇಕು, ಎರಡು ಬೆರಳಲ್ಲಿ ಎಳೆದರೆ ಎಳೆಗಳು ಬಿಟ್ಟುಕೊಳ್ಳದೆ ಹಾಳೆಯ ಹಾಗೆ ಹಿಡಿದುಕೊಂಡಿರಬೇಕು. ಬರೀ ಗಾಢ ಬಣ್ಣದ ಮೇಲೆ ಆರಿಸುತ್ತಾ ಹೋದರೆ ಗರಿ ಕಿರಿದಾಗಿ ಎಳೆ ಎಳೆಯಾಗುತ್ತದೆ ಅಂತ ಹಳೇ ಸಾಕಣೆದಾರರು ಹೇಳುತ್ತಾರೆ. ನನ್ನ ನೋಟ್‌ಬುಕ್ಕಿನ ಮೊದಲ ಹಾಳೆ ಅದಕ್ಕೆ ಸಾಕ್ಷಿ. ಒಂದು ಎಚ್ಚರಿಕೆ ಏನೆಂದರೆ ಗರಿಯ ಬಹುಪಾಲು ಪ್ರೋಟೀನ್. ಗರಿ ಬರುವ ಹೊತ್ತಲ್ಲಿ ಮೇವಿನಲ್ಲಿ ಪ್ರೋಟೀನ್ ಕಡಿಮೆ ಆದರೆ ಎಂಥಾ ಒಳ್ಳೆ ತಳಿಯ ಗರಿಯೂ ಹಾಳಾಗುತ್ತದೆ. ಎಲ್ಲಾ ಮರಿಗಳಿಗೂ ಒಂದೇ ಮೇವು, ಒಂದೇ ಜಾಗ ಕೊಡದೆ ಹೋಲಿಸಿದರೆ ನಾವು ಆರಿಸುವುದು ತಳಿಯನ್ನಲ್ಲ, ತಿಂದ ತಟ್ಟೆಯನ್ನು.

ಐದನೇ ವರ್ಷ ನನಗೆ ಒಂದು ಹುಂಜ ಸಿಕ್ಕಿತು. ನಂಬರ್ 27. ರಾತ್ರಿಯ ಪರೀಕ್ಷೆಯಲ್ಲಿ ಮೊದಲನೆಯದು, ಹಗಲಿನ ಪರೀಕ್ಷೆಯಲ್ಲೂ ಮೊದಲನೆಯದು. 3.6 ಕೆಜಿ. ಬೆನ್ನು ಹಲಗೆಯಂತೆ. ಅಷ್ಟು ದಿನ ಕಾದದ್ದು ಇವನಿಗೇ ಅನ್ನಿಸಿತು. ಆ ಸಂತೋಷದಲ್ಲಿ ಒಂದು ಕೆಲಸ ಬಿಟ್ಟುಬಿಟ್ಟೆ. ರೆಕ್ಕೆಯನ್ನು ಪೂರ್ತಿ ಬಿಡಿಸಿ ನೋಡಲಿಲ್ಲ. ಬದಿಯಿಂದ ಗೆರೆ ನೋಡಿದ್ದೆ ಅಷ್ಟೇ. ರೆಕ್ಕೆಯ ಹೊರಗಿನ ಉದ್ದ ಗರಿಗಳಿಗೂ ಒಳಗಿನ ಗರಿಗಳಿಗೂ ನಡುವೆ ಒಂದು ಗಿಡ್ಡ ಗರಿ ಇರುತ್ತದೆ. ಕೆಲವು ಕೋಳಿಗಳಲ್ಲಿ ಅದು ಇರುವುದೇ ಇಲ್ಲ, ರೆಕ್ಕೆ ಬಿಚ್ಚಿದರೆ ಅಲ್ಲಿ ಬಾಯಿ ತೆರೆದ ಹಾಗೆ ಸಂದಿ ಕಾಣುತ್ತದೆ. ಇದು ವಂಶದಲ್ಲಿ ಹರಿಯುವ ದೋಷ. 27ರ ಎಡ ರೆಕ್ಕೆಯಲ್ಲಿ ಆ ಸಂದಿ ಇತ್ತು.

ಅದು ಗೊತ್ತಾದದ್ದು ಅವನ ಮರಿಗಳು ಬೆಳೆದ ಮೇಲೆ. ಒಂದು ಮರಿಯ ರೆಕ್ಕೆಯಲ್ಲಿ ಸಂದಿ ಕಂಡಿತು, ಇನ್ನೊಂದರಲ್ಲಿ ಕಂಡಿತು, ಎಲ್ಲವನ್ನೂ ಹಿಡಿದು ನೋಡಿದರೆ 64ರಲ್ಲಿ 11ಕ್ಕೆ ಇತ್ತು. ಆಗ ಹೋಗಿ ಅವನ ರೆಕ್ಕೆ ಬಿಚ್ಚಿದೆ. ಎಷ್ಟೋ ಹೊತ್ತು ಆ ರೆಕ್ಕೆ ಹಿಡಿದುಕೊಂಡೇ ಕೂತಿದ್ದೆ. ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ಅವನ್ನ ಬಿಡಕ್ಕೆ ಮನಸ್ಸು ಬರ್ತಿಲ್ಲ ದೊಡ್ಡಪ್ಪಾ."

"ಬಿಡ್ಬೇಡ. ಅಂಗಳದಲ್ಲಿ ಇಟ್ಕೋ, ಪ್ರೀತಿಯಿಂದ ಸಾಕು. ಹೇಟೆಗಳ ಜೊತೆ ಮಾತ್ರ ಬಿಡ್ಬೇಡ," ಅಂದರು. ಸ್ವಲ್ಪ ತಡೆದು, "ಸಂದಿ ಇಲ್ದೆ ಇರೋ ಮರಿಗಳಲ್ಲಿ ಅವನ ಮೈ ಬಂದಿರೋದು ಯಾವುದು ನೋಡು. ಅವನು ಅಲ್ಲೇ ಇದ್ದಾನೆ," ಅಂದರು.

ಹಾಗೇ ಮಾಡಿದೆ. ಇನ್ನೊಂದು ಮಾತೂ ಅವರು ಹೇಳಿದ್ದರು. ಒಂದು ದೋಷವನ್ನು ಅದರ ವಿರುದ್ಧದ ದೋಷದಿಂದ ಸರಿ ಮಾಡಲು ಹೋಗಬೇಡ. ಬಾಲ ತುಂಬಾ ಎತ್ತಿದ ಹುಂಜಕ್ಕೆ ಬಾಲ ತುಂಬಾ ಇಳಿದ ಹೇಟೆ ಜೋಡಿ ಮಾಡಿದರೆ ನಡುವಿನದು ಬರುತ್ತದೆ ಅಂದುಕೊಂಡಿದ್ದೆ ನಾನು. ಬಂದದ್ದು ಎರಡೂ ಥರದ ಕೆಟ್ಟ ಬಾಲ. ಎತ್ತಿದ ಬಾಲಕ್ಕೆ ಸರಿಯಾದ ಬಾಲವನ್ನೇ ಜೋಡಿ ಮಾಡಬೇಕು. ಹುಂಜ, ಹೇಟೆ ಇಬ್ಬರಲ್ಲೂ ಒಂದೇ ದೋಷ ಇದ್ದರೆ ಆ ಜೋಡಿಯೇ ಬೇಡ.

ಯಾರ ಮರಿ ಯಾರು ಅಂತ ಗೊತ್ತಿಲ್ಲದೆ ಇದ್ಯಾವುದೂ ಆಗುವುದಿಲ್ಲ. ಹುಟ್ಟಿದ ದಿನವೇ ಕಾಲ್ಬೆರಳ ನಡುವಿನ ತೆಳು ಚರ್ಮಕ್ಕೆ ಸಣ್ಣ ತೂತು ಹಾಕುತ್ತೇನೆ. ಒಂದು ಕಾಲಿಗೆ ಎರಡು ಜಾಗ, ಎರಡು ಕಾಲಿಗೆ ನಾಲ್ಕು. ತೂತು ಹಾಕಿದ್ದು, ಹಾಕದ್ದು ಎಲ್ಲಾ ಸೇರಿಸಿದರೆ 16 ಗುರುತು ಆಗುತ್ತವೆ, ಅಂದರೆ 16 ತಾಯಿಯರ ಮರಿಗಳನ್ನು ಬೇರೆ ಬೇರೆ ಗುರುತಿಸಬಹುದು. ಉಂಗುರ ಹಾಕುವುದು ಆಮೇಲೆ, ಕಾಲು ದಪ್ಪಗಾದ ಮೇಲೆ.

ಈ ಗುರುತಿನಿಂದ ನನ್ನ ನೋಡುವ ರೀತಿಯೇ ಬದಲಾಯಿತು. ಮೊದಲು ಒಂದು ಒಳ್ಳೆ ಕೋಳಿ ಹುಡುಕುತ್ತಿದ್ದೆ. ಈಗ ಒಳ್ಳೆ ಅಕ್ಕತಂಗಿಯರಿರುವ ಕೋಳಿ ಹುಡುಕುತ್ತೇನೆ. ಹತ್ತು ಜನ ಸಾಧಾರಣ ಒಡಹುಟ್ಟಿದವರ ನಡುವೆ ಒಂದು ಅದ್ಭುತ ಹುಂಜ ಇದ್ದರೆ ಅದರ ಮರಿಗಳು ಬಹುಪಾಲು ಸಾಧಾರಣವೇ. ಹತ್ತರಲ್ಲಿ ಎಂಟು ಚೆನ್ನಾಗಿದ್ದು, ಅದರಲ್ಲಿ ಒಂದು ಕೊಂಚ ಹೆಚ್ಚು ಚೆನ್ನಾಗಿದ್ದರೆ ಕಣ್ಣು ಮುಚ್ಚಿಕೊಂಡು ಅದನ್ನು ಹಿಡಿಯುತ್ತೇನೆ.

ಹತ್ತಿರದ ರಕ್ತ ಒಂದು ಮಿತಿ ದಾಟಬಾರದು. ಅಣ್ಣ ತಂಗಿ ಅಥವಾ ಅಪ್ಪ ಮಗಳ ಜೋಡಿಯ ಮರಿಯಲ್ಲಿ ಒಳಸಂಬಂಧದ ಪ್ರಮಾಣ ಶೇ 25. ಅಪ್ಪ ಒಬ್ಬನೇ, ತಾಯಿ ಬೇರೆ ಆದವರ ಜೋಡಿಯಲ್ಲಿ ಶೇ 12.5. ಇದು ಕೂಡುತ್ತಾ ಹೋದರೆ ಮೊದಲು ಏಟು ಬೀಳುವುದು ಮರಿ ಏಳುವುದರ ಮೇಲೆ. ಎರಡನೇ ವರ್ಷ ತಂದೆಯ ಜೊತೆಗೇ ಹೆಣ್ಣುಮಕ್ಕಳನ್ನು ಬಿಟ್ಟಾಗ ನನಗೆ 60 ಮೊಟ್ಟೆಗೆ 29 ಮರಿ ಬಂತು. ಅದಕ್ಕೆ ಈಗ ಮೂರು ಗೂಡು, ಮೂರು ಕುಟುಂಬ. ಹೆಣ್ಣುಮಕ್ಕಳು ತಾಯಿಯ ಗೂಡಲ್ಲೇ ಉಳಿಯುತ್ತಾರೆ. ಗಂಡುಮಕ್ಕಳು ಪಕ್ಕದ ಗೂಡಿಗೆ ಹೋಗುತ್ತಾರೆ, ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ. ಹೊರಗಿನ ರಕ್ತ ತರದೆ ಬಹಳ ವರ್ಷ ಹೀಗೆ ನಡೆಸಬಹುದು. ಹೊರಗಿನ ಹುಂಜ ತಂದರೆ ಕಷ್ಟಪಟ್ಟು ಹೊರಗೆ ಹಾಕಿದ ದೋಷಗಳೆಲ್ಲಾ ಅದರ ಬೆನ್ನ ಮೇಲೆ ಕೂತು ವಾಪಸ್ ಬರಬಹುದು.

ಸ್ವಭಾವದ ಬಗ್ಗೆ ಒಂದೇ ಮಾತು. ಮನುಷ್ಯರ ಮೇಲೆ ಹಾರಿ ಬರುವ ಹುಂಜ ಎಷ್ಟೇ ಚೆಂದ ಇರಲಿ, ಬೀಜಕ್ಕೆ ಬೇಡ. ಸಿಟ್ಟೂ ಮರಿಗಳಿಗೆ ಇಳಿಯುತ್ತದೆ.

ಈ ವರ್ಷ ಕೊನೆಗೆ ಉಳಿದದ್ದು ಎರಡು ಹುಂಜ, 41 ಮತ್ತು 56. 41ರ ಬಣ್ಣ ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ. ಕತ್ತಿನಿಂದ ಬಾಲದ ಬುಡದವರೆಗೆ ಒಂದೇ ಕೆಂಪು, ಬುಡವೂ ಕೆಂಪು, ಮಸಿಯ ಸುಳಿವೇ ಇಲ್ಲ. ಬೆನ್ನು ಮಾತ್ರ ಹಿಂದಕ್ಕೆ ಹೋಗುತ್ತಾ ಒಂದು ಬೆರಳು ಸಣ್ಣಗಾಗುತ್ತದೆ. 56 ಕೆಂಪಿನಲ್ಲಿ ಒಂದು ಮೆಟ್ಟಿಲು ಕೆಳಗೆ, ಆದರೆ ಒಂದೇ ಸಮ. 27ರ ಮೊಮ್ಮಗ ಅವನು, ಅಮ್ಮನ ಕಡೆಯಿಂದ 19ರ ವಂಶ. ತೂಕ 3.5. ರೆಕ್ಕೆಗಳನ್ನು ಮೂರು ಸಲ ಬಿಚ್ಚಿ ನೋಡಿದೆ, ಎರಡೂ ಕಡೆ ಗಿಡ್ಡ ಗರಿ ಇದೆ. ಅವನ ಏಳು ಅಕ್ಕತಂಗಿಯರಲ್ಲಿ ಆರು ರಾತ್ರಿಯ ಪರೀಕ್ಷೆ ದಾಟಿವೆ.

ಏಳು ವರ್ಷದ ಹಿಂದೆ ಆಗಿದ್ದರೆ ನಾನು 41ನ್ನು ಎತ್ತಿಕೊಂಡು 56ನ್ನು ಕೊಟ್ಟುಬಿಡುತ್ತಿದ್ದೆ. ಈ ಸಲ 56ನ್ನು ಮೊದಲ ಗೂಡಿನ ಎಂಟು ಹೇಟೆಗಳ ಜೊತೆ ಬಿಟ್ಟೆ. 41ನ್ನೂ ಕೊಟ್ಟಿಲ್ಲ. ಹಿಂಡಿನಲ್ಲೇ ಅತಿ ಅಗಲ ಬೆನ್ನಿನ ಮೂರು ಹೇಟೆಗಳ ಜೊತೆ ಬೇರೆ ಇಟ್ಟಿದ್ದೇನೆ.

ಹುಂಜ ಬದಲಾಯಿಸಿದ ಕೂಡಲೇ ಮೊಟ್ಟೆ ಕೂಡಿಡುವ ಹಾಗಿಲ್ಲ. ಹಿಂದಿನ ಹುಂಜದ ಬೀಜ ಹೇಟೆಯ ಮೈಯಲ್ಲಿ ಎರಡು ಮೂರು ವಾರ ಉಳಿದಿರುತ್ತದೆ. ಆ ಮೂರು ವಾರದ ಮೊಟ್ಟೆಗಳನ್ನು ಮರಿ ಮಾಡಿಸುವ ಲೆಕ್ಕಕ್ಕೆ ಸೇರಿಸುವುದಿಲ್ಲ. ಇವತ್ತಿಗೆ 22ನೇ ದಿನ. ಬೆಳಿಗ್ಗೆ ಮೊದಲ ಗೂಡಲ್ಲಿ ನಾಲ್ಕು ಮೊಟ್ಟೆ ಸಿಕ್ಕವು. ಒಂದು ಸಣ್ಣದು, ಅದನ್ನು ಬಿಟ್ಟೆ. ಉಳಿದ ಮೂರರ ಮೇಲೆ ತಾಯಿಯ ನಂಬರ್, ಅದರ ಕೆಳಗೆ 56 ಅಂತ ಪೆನ್ಸಿಲಿನಲ್ಲಿ ಬರೆದು, ಚೂಪು ತುದಿ ಕೆಳಗೆ ಮಾಡಿ ತಣ್ಣನೆ ಜಾಗದ ಟ್ರೇಯಲ್ಲಿ ಇಟ್ಟೆ. ಏಳು ದಿನ ಕೂಡಿಸಿ ಇನ್ಕ್ಯುಬೇಟರ್‌ಗೆ ಇಡಬೇಕು. ಅಲ್ಲಿಂದ 21 ದಿನ. ನೋಟ್‌ಬುಕ್ಕಿನ ಹೊಸ ಹಾಳೆಗೆ 56ರ ಬೆನ್ನಿನ ಗರಿ ಆಗಲೇ ಅಂಟಿಸಿದ್ದೇನೆ. ಅಗಲ ಇದೆ, ತುದಿ ಗುಂಡಗಿದೆ, ಬುಡದವರೆಗೂ ಕೆಂಪು.